ಹುಳ ಜ್ವರಕ್ಕೆ ಕೂತ ಹಾಗೆ ಕೂತಿತ್ತು ಮರಿ

ಕಾರ್ತಿಕ ಮಾಸದಲ್ಲಿ ನಮ್ಮ ಬೀದಿಯಲ್ಲಿ ನಾಲ್ಕೇ ದಿನಕ್ಕೆ ಮೂರು ಬೆಕ್ಕಿನ ಮರಿ ಸತ್ತವು. ಹಿಂದಿನ ಸಂಜೆ ಸೊಪ್ಪಿನ ಹೊರೆ ಮೇಲೆ ಹತ್ತಿ ಇಳಿದು ಆಡಿದ್ದವು, ಬೆಳಿಗ್ಗೆ ವಾಂತಿ, ಮರುದಿನಕ್ಕೆ ಸೆಟೆದುಕೊಂಡಿದ್ದವು. ಸಾಕಿದ ಮನೆಯವರದು ಒಂದೇ ಮಾತು: "ವಿಷ ಇಕ್ಕವ್ರೆ."

ಯಾರು ಇಕ್ಕಿದ್ದು ಅನ್ನುವುದಕ್ಕೂ ಅವರ ಹತ್ತಿರ ಉತ್ತರ ಇತ್ತು. ಎದುರು ಮನೆಯವರು ನಾಟಿ ಕೋಳಿ ಸಾಕಿದ್ದಾರೆ. ತಾಯಿ ಬೆಕ್ಕು ಎರಡು ಕೋಳಿ ಪಿಳ್ಳೆ ಎತ್ತಿಕೊಂಡು ಹೋಗಿತ್ತು. ಆಗ ಅವರು ಬಾಯಿ ಮಾಡಿದ್ದು ಬೀದಿಗೇ ಕೇಳಿತ್ತು. ಇಷ್ಟು ಸಾಕಾಯಿತು. ಸೊಪ್ಪು ಸಾಲದೆ ಹೋದರೆ ಒಬ್ಬರ ತೋಟದಲ್ಲಿ ಇನ್ನೊಬ್ಬರು ಕೊಯ್ದುಕೊಳ್ಳುತ್ತಿದ್ದ ಎರಡು ಮನೆಗಳು ಮಾತು ಬಿಟ್ಟವು. ಸ್ಟೇಷನ್ನಿಗೆ ಹೋಗೋಣ ಅನ್ನುವ ತನಕ ಬಂತು. ನಮ್ಮ ಮನೆ ಬಾಗಿಲಿಗೂ ಬಂದರು. "ಪೇಪರ್‌ನೋರು ನೀವು, ಒಂದ್ ಸುದ್ದಿ ಹಾಕ್ಸಿ" ಅಂದರು. ವಿಷ ಇಕ್ಕಿದ್ದನ್ನು ಕಂಡವರಿಲ್ಲ, ಸತ್ತ ಮರಿಗಳನ್ನು ಆಗಲೇ ಹೂತಾಗಿತ್ತು. ಹಾಕಲಿಲ್ಲ. ಅವರಿಗೆ ನಮ್ಮ ಮೇಲೂ ಸಿಟ್ಟು ಬಂತು.

ನಮ್ಮೂರು ಕಣ್ವ ಜಲಾಶಯದ ಕೆಳಗಿನ ಕಡೆ. ಮನೆಯಲ್ಲಿ ನಾವು ಗಂಡ ಹೆಂಡತಿ, ಜೊತೆಗೆ ಅವ್ವ. ಅವ್ವ ನಲವತ್ತು ವರ್ಷ ರೇಷ್ಮೆ ಹುಳ ಮೇಯಿಸಿದ ಕೈ. ಜಿಲ್ಲೆಯ ಹೆಸರು ಈಗ ಬೆಂಗಳೂರು ದಕ್ಷಿಣ ಅಂತ ಆಗಿದೆ. ಆದರೆ ಗೂಡು ಮಾರುವುದಕ್ಕೆ ಹೊರಟವರನ್ನು ಎಲ್ಲಿಗೆ ಅಂತ ಕೇಳಿ, ರಾಮನಗರಕ್ಕೆ ಅನ್ನುತ್ತಾರೆ. ನಾವೂ ಹಾಗೇ ಬರೆಯುತ್ತೇವೆ.

ಜನವರಿಯ ಚಳಿಯಲ್ಲಿ ಸುದ್ದಿಯೊಂದರ ಬೆನ್ನು ಹತ್ತಿ ಚನ್ನಪಟ್ಟಣಕ್ಕೆ ಹೋಗಿದ್ದಾಗ ಸಿಕ್ಕಿದ್ದು ಈ ಮರಿ. ಹಳೇ ಹೆದ್ದಾರಿ ಬದಿ ಬೊಂಬೆ ಅಂಗಡಿಗಳ ಸಾಲು ಇದೆಯಲ್ಲ, ಅದರ ಹಿಂದಿನ ಒಣ ಚರಂಡಿಯಲ್ಲಿ ಕೂಗುತ್ತಿತ್ತು. ತಾಯಿ ಬರಬಹುದು ಅಂತ ಎರಡು ಗಂಟೆ ಕಾದೆವು. ಬರಲಿಲ್ಲ. ಕ್ಯಾಮೆರಾ ಬ್ಯಾಗಿನಲ್ಲಿ ಟವೆಲ್ ಹಾಸಿ ತಂದೆವು. ಬೊಂಬೆ ಅಂತಲೇ ಹೆಸರಾಯಿತು. ಕಿರಾಣಿ ಅಂಗಡಿಯ ತಕ್ಕಡಿಯಲ್ಲಿ 620 ಗ್ರಾಂ ತೂಗಿತು. ತಾಲ್ಲೂಕು ಪಶು ಆಸ್ಪತ್ರೆಯ ಡಾಕ್ಟರು ಹಲ್ಲು ನೋಡಿ ಆರೇಳು ವಾರ ಇರಬಹುದು ಅಂದರು. ಜಂತುಹುಳದ ಔಷಧಿ ಕೊಟ್ಟು, "ಒಂದ್ ವಾರ ಚೆನ್ನಾಗಿದ್ರೆ ಮೊದಲನೇ ಲಸಿಕೆ ಹಾಕೋಣ, ಅಲ್ಲೀವರೆಗೂ ಬೇರೆ ಬೆಕ್ಕಿನ ಜೊತೆ ಬಿಡಬೇಡಿ" ಅಂದರು. ಬಿಡಲಿಲ್ಲ. ಬಚ್ಚಲು ಮನೆ ಪಕ್ಕದ ಸಣ್ಣ ಕೋಣೆಯೇ ಅದರ ಲೋಕ.

ಐದು ದಿನ ಚೆನ್ನಾಗಿತ್ತು. ಅವ್ವನಿಗೆ ಮೊದಲಿಗೆ ಇಷ್ಟ ಇರಲಿಲ್ಲ. "ಮನೇಲಿ ಮೂರು ಜನುಕ್ಕೆ ನೆಟ್ಟುಗ್ ಊಟ ಇಲ್ಲ, ಇದ್ ಬೇರೆ" ಅಂದಿದ್ದರು. ಮೂರನೇ ದಿನ ಅವರೇ ಸೀರೆ ಸೆರಗಿನ ತುದಿ ಆಡಿಸುತ್ತಾ ಕೂತಿದ್ದನ್ನು ಕಂಡೆವು. ಕಂಡೆವು ಅಂತ ಅವರಿಗೆ ಗೊತ್ತಾಗಲಿಲ್ಲ.

ಆರನೇ ದಿನ ಬೆಳಿಗ್ಗೆ ಅನ್ನ ಮೊಟ್ಟೆ ಕಲಸಿಟ್ಟರೆ ಮೂಸಲೂ ಇಲ್ಲ. ಎರಡು ಸಲ ಹಳದಿ ನೊರೆ ವಾಂತಿ ಮಾಡಿತು. ಆಮೇಲೆ ನೀರಿನ ಬಟ್ಟಲ ಮುಂದೆ ಹೋಗಿ ನಾಲ್ಕೂ ಕಾಲು ಒಳಗೆಳೆದುಕೊಂಡು, ತಲೆ ಬಟ್ಟಲ ಮೇಲೆ ಬಾಗಿಸಿ ಕೂತುಬಿಟ್ಟಿತು. ಕುಡಿಯುತ್ತಿಲ್ಲ, ಸುಮ್ಮನೆ ಕೂತಿದೆ. ಅವ್ವ ನೋಡಿದವರೇ ಅಂದರು: "ಹುಳ ಜ್ವರಕ್ ಕೂತಂಗ್ ಕೂತದೆ. ಆದ್ರೆ ಇದು ಎದ್ದೇಳೋ ಜ್ವರ ಅಲ್ಲ ಕಣ್ರಪ್ಪ."

ರೇಷ್ಮೆ ಗೊತ್ತಿಲ್ಲದವರಿಗೆ ಒಂದು ಮಾತು. ಹುಳ ಪೊರೆ ಬಿಡುವ ಮುಂಚೆ ಸೊಪ್ಪು ತಿನ್ನದೆ ತಲೆ ಎತ್ತಿ ಕದಲದೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಅಂಥ ಜ್ವರ ನಾಲ್ಕು. ಅದು ಕಾಯಿಲೆಯಲ್ಲ, ಬೆಳವಣಿಗೆ. ಆಗ ಹುಳವನ್ನು ಮುಟ್ಟಬಾರದು. ಮರಿ ಕೂತಿದ್ದು ನೋಡಿ ಅವ್ವನಿಗೆ ಆ ನೆನಪು ಬಂದಿದ್ದು ಸರಿ, ಇದು ಬೇರೆ ಅಂತ ಹೇಳಿದ್ದೂ ಸರಿ. ಬೆಕ್ಕಿನ ಡಾಕ್ಟರುಗಳು ಈ ಕೂರುವ ರೀತಿಯನ್ನೇ ಒಂದು ಲಕ್ಷಣವಾಗಿ ನೋಡುತ್ತಾರೆ: ಬಾಯಾರಿಕೆ ಇದೆ, ಆದರೆ ವಾಕರಿಕೆಯಲ್ಲಿ ಕುಡಿಯಲು ಆಗುತ್ತಿಲ್ಲ.

ಥರ್ಮಾಮೀಟರ್ ಹಾಕಿದರೆ 104 ದಾಟಿತ್ತು. ಬೆಕ್ಕಿಗೆ 101, 102 ಸಾಮಾನ್ಯ. ನಮ್ಮ ಮೈಯ ಲೆಕ್ಕ ಅದಕ್ಕೆ ಆಗುವುದಿಲ್ಲ.

ಔಷಧಿ ಅಂಗಡಿಯ ಹುಡುಗ ಒಳ್ಳೆಯವನೇ. ಜ್ವರ ಅಂದ ತಕ್ಷಣ ಮಕ್ಕಳ ಪ್ಯಾರಸಿಟಮಾಲ್ ಡ್ರಾಪ್ಸ್ ತೆಗೆದಿಟ್ಟ. ಹತ್ತು ರೂಪಾಯಿ ಖರ್ಚಿನಲ್ಲಿ ಮುಗಿಯುತ್ತಿತ್ತು ಅಂತ ಅನ್ನಿಸುವ ಹೊತ್ತು ಅದು. ಆದರೆ ಪ್ಯಾರಸಿಟಮಾಲ್ ಬೆಕ್ಕಿಗೆ ವಿಷ. ನಮ್ಮ ಯಕೃತ್ತು ಅದನ್ನು ಬದಲಿಸಿ ಹೊರಗೆ ಕಳಿಸುವ ಹಾಗೆ ಬೆಕ್ಕಿನ ಯಕೃತ್ತು ಮಾಡಲಾರದು. ರಕ್ತ ಆಮ್ಲಜನಕ ಹೊರುವ ಶಕ್ತಿ ಕಳೆದುಕೊಳ್ಳುತ್ತದೆ, ವಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮರಿ ಉಸಿರು ಸಿಕ್ಕದೆ ಸಾಯುತ್ತದೆ. ಒಂದು ಮಾತ್ರೆಯ ಚೂರು ಸಾಕು. ನಮ್ಮ ಜಿಲ್ಲೆಯವರಿಗೆ ಇದು ಹೊಸ ಪಾಠ ಆಗಬಾರದು. ರಾಮದೇವರ ಬೆಟ್ಟದ ರಣಹದ್ದುಗಳ ಕಥೆ ಇದೇ ತಾನೇ? ದನಕ್ಕೆ ನೋವು ಇಳಿಸಲು ಕೊಟ್ಟ ಡೈಕ್ಲೋಫೆನಾಕ್, ಆ ದನ ಸತ್ತ ಮೇಲೆ ತಿಂದ ಹದ್ದಿನ ಮೂತ್ರಪಿಂಡ ಕೆಡಿಸಿ ದೇಶದ ತುಂಬ ಹದ್ದಿನ ಸಂತತಿಯನ್ನೇ ಅಳಿಸುತ್ತಾ ಬಂತು. 2006ರಲ್ಲಿ ದನಗಳಿಗೆ ಅದನ್ನು ಕೊಡುವುದನ್ನು ನಿಲ್ಲಿಸಿದರು. ಒಂದರ ಮದ್ದು ಇನ್ನೊಂದಕ್ಕೆ ಮೃತ್ಯು. ನಾಯಿಗೆ ಹಾಕುವ ಉಣ್ಣೆ ಔಷಧಿಯೂ ಹಾಗೆ, ಪರ್ಮೆಥ್ರಿನ್ ಇದ್ದರೆ ಬೆಕ್ಕಿಗೆ ಹಚ್ಚುವಂತಿಲ್ಲ.

ತಾಲ್ಲೂಕು ಆಸ್ಪತ್ರೆಯ ಡಾಕ್ಟರು ಮರಿಯ ಕತ್ತಿನ ಚರ್ಮ ಎತ್ತಿ ಬಿಟ್ಟರು. ಅದು ತಕ್ಷಣ ಕೂರಲಿಲ್ಲ, ಟೆಂಟಿನ ಹಾಗೆ ನಿಂತಿತು. ಮೈಯಲ್ಲಿ ನೀರು ಕಮ್ಮಿ. ಚರ್ಮದಡಿಗೆ ಬೆಚ್ಚಗಿನ ಡ್ರಿಪ್ ದ್ರವ ಏರಿಸಿದರು, ವಾಂತಿ ನಿಲ್ಲುವ ಇಂಜೆಕ್ಷನ್ ಕೊಟ್ಟರು. "ನಂಗೆ ಪ್ಯಾನ್‌ಲ್ಯೂಕೋಪೀನಿಯಾ ಅನ್ಸುತ್ತೆ. ಇಲ್ಲಿ ಟೆಸ್ಟ್ ಕಿಟ್ ಇಲ್ಲ. ಹೆಬ್ಬಾಳದ ಪಶುವೈದ್ಯ ಕಾಲೇಜಿಗೆ ಹೋಗಿ, ಇಲ್ಲಾ ಕೆಂಗೇರಿ ಕಡೆ ಯಾವ್ದಾದ್ರೂ ಸಾಕುಪ್ರಾಣಿ ಕ್ಲಿನಿಕ್ಕಿಗೆ ಹೋಗಿ. ಆದ್ರೆ ಇವತ್ತೇ ಹೋಗಿ" ಅಂದರು.

ಕೆಂಗೇರಿಯೇ ಹತ್ತಿರ. ಎಕ್ಸ್‌ಪ್ರೆಸ್‌ವೇಗೆ ಬೈಕ್ ಬಿಡುವುದಿಲ್ಲ, ಸರ್ವಿಸ್ ರೋಡಿನಲ್ಲಿ ರಾಮನಗರ, ಬಿಡದಿ ಎಲ್ಲಾ ಸುತ್ತಿ ಹೋಗಬೇಕು. ಹಿಂದೆ ಕೂತವರ ಸ್ವೆಟರ್ ಒಳಗೆ ಮರಿ. ಬಿಸಿನೀರು ತುಂಬಿದ ಬಾಟಲಿಗೆ ಟವೆಲ್ ಸುತ್ತಿ ಪಕ್ಕಕ್ಕೆ ಇಟ್ಟಿದ್ದೆವು. ಹೊರಡುವಾಗ 104 ಇದ್ದದ್ದು ಅಲ್ಲಿ ಮುಟ್ಟುವಷ್ಟರಲ್ಲಿ 98ಕ್ಕೆ ಇಳಿದಿತ್ತು. ನಮಗೆ ಜ್ವರ ಬಿಟ್ಟಿತು ಅಂತ ಖುಷಿ. ಅಲ್ಲಿನ ಡಾಕ್ಟರಮ್ಮ ಮಾತ್ರ ಮುಖ ಸಣ್ಣದು ಮಾಡಿಕೊಂಡರು. ಮರಿಯ ಮೈ ಹೀಗೆ ತಣ್ಣಗಾಗುವುದು ಜ್ವರಕ್ಕಿಂತ ಕೆಟ್ಟದ್ದಂತೆ.

ಮಲದ ಮೇಲೆ ಮಾಡಿದ್ದು ನಾಯಿಗಳ ಪಾರ್ವೋ ಟೆಸ್ಟ್. ಅದೇ ಕಿಟ್ ಬೆಕ್ಕಿನ ವೈರಸ್ಸನ್ನೂ ಹಿಡಿಯುತ್ತದೆ. ಏಕೆಂದರೆ ಇವೆರಡೂ ಒಂದೇ ಮನೆತನ. ನಮ್ಮ ಊರುಗಳಲ್ಲಿ ನಾಯಿಮರಿಗಳು ರಕ್ತಭೇದಿಯಾಗಿ ಸಾಯುವ ಪಾರ್ವೋ ಕಾಯಿಲೆ ಎಲ್ಲರಿಗೂ ಗೊತ್ತು. ಅದು 1970ರ ದಶಕದ ಕೊನೆಯಲ್ಲಿ ಹೊಸದಾಗಿ ಕಾಣಿಸಿಕೊಂಡಿದ್ದು, ಹುಟ್ಟಿದ್ದು ಬೆಕ್ಕಿನ ಈ ವೈರಸ್ಸಿನಂಥದ್ದೇ ಒಂದರಿಂದ. ಬೆಕ್ಕಿನದು ಅದಕ್ಕಿಂತ ಹಳೆಯದು. ಎರಡು ಗೆರೆ ಬಂದವು. ರಕ್ತ ಪರೀಕ್ಷೆಯಲ್ಲಿ ಬಿಳಿ ಕಣ 1,400. ಐದಾರು ಸಾವಿರಕ್ಕೆ ಮೇಲೆ ಇರಬೇಕಾದದ್ದು.

ಹೆಸರಿನಲ್ಲೇ ಕಾಯಿಲೆ ಇದೆ. ಪ್ಯಾನ್‌ಲ್ಯೂಕೋಪೀನಿಯಾ ಅಂದರೆ ಎಲ್ಲ ಬಗೆಯ ಬಿಳಿ ರಕ್ತಕಣಗಳ ಬರ. ಈ ವೈರಸ್ಸಿಗೆ ಬೇಗ ಬೇಗ ಹುಟ್ಟಿ ಬೆಳೆಯುವ ಜೀವಕೋಶವೇ ಬೇಕು. ಕರುಳಿನ ಒಳಪದರ, ಮೂಳೆಯ ಮಜ್ಜೆ. ಕರುಳಿನ ಗೋಡೆ ಸವೆದು ಹೋಗುತ್ತದೆ, ಅಲ್ಲಿಂದ ಬ್ಯಾಕ್ಟೀರಿಯಾ ರಕ್ತಕ್ಕೆ ನುಗ್ಗುತ್ತವೆ, ತಡೆಯಬೇಕಾದ ಬಿಳಿ ಕಣ ಕಾರ್ಖಾನೆಯಲ್ಲೇ ಬಂದ್. ಬೆಳೆಯುವ ಮರಿಗಳೇ ಹೆಚ್ಚು ಸಾಯುವುದು ಇದಕ್ಕೇ. ಸೋಂಕು ತಗುಲಿ ಎರಡರಿಂದ ಹತ್ತು ದಿನದೊಳಗೆ ಲಕ್ಷಣ ಕಾಣುತ್ತದೆ. ಬೊಂಬೆ ನಮ್ಮ ಮನೆಗೆ ಬಂದು ಆರು ದಿನ. ಚರಂಡಿಯಲ್ಲಿ ಹತ್ತಿತೋ, ನಮ್ಮ ಬೀದಿಯಿಂದ ಬಂತೋ, ಹೇಳುವ ಹಾಗಿಲ್ಲ.

"ವೈರಸ್ಸಿಗೇ ಅಂತ ಔಷಧಿ ಇಲ್ಲ" ಅಂದರು ಡಾಕ್ಟರಮ್ಮ. "ನೀರು, ಬಿಸಿ, ಸಕ್ಕರೆ ಅಂಶ ಇಳಿಯದ ಹಾಗೆ ನೋಡ್ಕೊಳ್ಳೋದು, ಬ್ಯಾಕ್ಟೀರಿಯಾಗೆ ಆಂಟಿಬಯಾಟಿಕ್. ಮಿಕ್ಕಿದ್ದು ಅದ್ರ ಮೈ ಮಾಡ್ಬೇಕು. ಐದು ದಿನ ದಾಟಿದ್ರೆ ಬದುಕುತ್ತೆ ಅಂತ ಲೆಕ್ಕ. ದಾಟೋವು ಅರ್ಧಕ್ಕಿಂತ ಕಮ್ಮಿನೇ." ಹೀಗೆ ನೇರವಾಗಿ ಹೇಳಿದ್ದು ನಮಗೆ ಹಿಡಿಸಿತು. ಅಡ್ಮಿಟ್ ಮಾಡಿದರೆ ದಿನಕ್ಕೆ ಎಷ್ಟಾಗುತ್ತೆ ಅಂತ ಕೇಳಿದೆವು. ಹೇಳಿದರು. ಒಂದು ಸುದ್ದಿಗೆ, ಒಂದು ಫೋಟೊಗೆ ನಮಗೆ ಬರುವ ದುಡ್ಡು ಎಷ್ಟು ಅಂತ ನಮ್ಮ ಬ್ಯಾಚಿನವರಿಗೆ ಗೊತ್ತು. ಅವತ್ತು ರಾತ್ರಿ ಒಂದು ದಿನ ಅಲ್ಲೇ ಇಟ್ಟು, ರಕ್ತನಾಳದ ಡ್ರಿಪ್ ಮುಗಿಸಿ, ಉಳಿದದ್ದು ಮನೆಯಲ್ಲಿ ಮಾಡುವುದು ಅಂತ ಒಪ್ಪಂದವಾಯಿತು. ಅವರೇ ಸಿರಿಂಜ್, ದ್ರವದ ಬಾಟಲಿ ಕೊಟ್ಟು, ಹೆಗಲುಗಳ ಮಧ್ಯೆ ಚರ್ಮ ಎತ್ತಿ ಸೂಜಿ ಹೇಗೆ ಹಾಕುವುದು ಅಂತ ಕೈ ಹಿಡಿದು ಕಲಿಸಿದರು. ಎಲ್ಲ ಸೇರಿ 4,350 ರೂಪಾಯಿ. ಅದರಲ್ಲಿ ಎರಡು ಸಾವಿರ ಅವ್ವನ ಹತ್ತಿರ ಇದ್ದದ್ದು. ಕೇಳದೆಯೇ ಕೊಟ್ಟರು, ಕೊಡುವಾಗ ಬೈದರು.

ಆಮೇಲಿನ ಮೂರು ರಾತ್ರಿ ನಮ್ಮ ಮನೆ ಚಾಕಿ ಮನೆ ಆಯಿತು. ಚಾಕಿ ಅಂದರೆ ಮೊಟ್ಟೆ ಒಡೆದ ಎಳೇ ಹುಳದ ಹಂತ. ಎಳೇ ಹುಳಕ್ಕೆ 27, 28 ಡಿಗ್ರಿ ಬಿಸಿ ಬೇಕು, ಚಳಿಗಾಳಿ ಸೋಕಬಾರದು, ಸೊಪ್ಪು ಸಣ್ಣಗೆ ಕತ್ತರಿಸಿ ಹೊತ್ತುಹೊತ್ತಿಗೆ ಕೊಡಬೇಕು. ಅವ್ವನಿಗೆ ಇದು ರಕ್ತದಲ್ಲೇ ಇದೆ. ರಟ್ಟಿನ ಪೆಟ್ಟಿಗೆ, ಹಳೇ ಕಂಬಳಿ, ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿ. ಬಾಟಲಿ ಒಂದೇ ಬದಿಗೆ, ಸೆಕೆಯಾದರೆ ಮರಿ ಆಚೆ ಸರಿಯಲಿ ಅಂತ. ಎರಡು ಗಂಟೆಗೊಮ್ಮೆ ನೀರು ಬದಲು. ನಡುರಾತ್ರಿ ಎರಡಕ್ಕೆ ಅಲಾರಾಂ ಹೊಡೆಯುವ ಮೊದಲೇ ಅವ್ವ ಒಲೆ ಹೊತ್ತಿಸಿರುತ್ತಿದ್ದರು. ಮೈ ತಣ್ಣಗಿರುವ ಮರಿಗೆ ಬಾಯಿಗೆ ಏನೂ ಹಾಕಬಾರದು, ಕರುಳು ನಿಂತಿರುತ್ತದೆ, ಉಸಿರಿಗೆ ಹೋದರೆ ಅಲ್ಲೇ ಮುಗಿಯುತ್ತದೆ. ಮೊದಲು ಬಿಸಿ, ಆಮೇಲೆ ಆಹಾರ. ಗ್ಲೂಕೋಸ್ ನೀರು ಒಂದು ಹನಿ ವಸಡಿಗೆ ಸವರುವುದು. ದನದ ಹಾಲು ಬೇಡವೇ ಬೇಡ, ಚೆನ್ನಾಗಿರುವ ಮರಿಗೇ ಭೇದಿ ಹತ್ತಿಸುತ್ತದೆ.

ಎರಡನೇ ರಾತ್ರಿ ಕೆಟ್ಟದಾಗಿತ್ತು. ಭೇದಿಯಲ್ಲಿ ರಕ್ತ ಕಂಡಿತು, ವಾಸನೆ ಕೋಣೆಯಲ್ಲಿ ನಿಲ್ಲಲು ಬಿಡಲಿಲ್ಲ. ಎತ್ತಿದರೆ ಒದ್ದೆ ಬಟ್ಟೆ ಎತ್ತಿದ ಹಾಗೆ. ನಮ್ಮಲ್ಲಿ ಒಬ್ಬರು ಸಾಕು ಅಂದೆವು, ಇನ್ನೊಬ್ಬರು ಬೆಳಗಾಗಲಿ ಅಂದೆವು. ಯಾರು ಯಾವುದು ಅಂದದ್ದು ಅಂತ ಈಗ ನಾವಿಬ್ಬರೂ ಬೇರೆ ಬೇರೆ ಹೇಳುತ್ತೇವೆ.

ಈ ನಡುವೆ ಇನ್ನೊಂದು ಕೆಲಸ. ಪಕ್ಕದ ಮನೆಯ ಹುಡುಗ ಮರಿ ಬಂದ ಎರಡನೇ ದಿನ ಆಡಿಸಲು ಹೋಗಿ ಕೈ ಪರಚಿಸಿಕೊಂಡಿದ್ದ. ರಕ್ತ ಬಂದಿತ್ತು. ಪ್ಯಾನ್‌ಲ್ಯೂಕೋಪೀನಿಯಾ ಮನುಷ್ಯರಿಗೆ ಬರುವುದಿಲ್ಲ, ದನ ಕುರಿ ಕೋಳಿಗೂ ಇಲ್ಲ. ಆದರೆ ಗುರುತಿಲ್ಲದ ಬೀದಿ ಮರಿ ಪರಚಿದರೆ ರೇಬೀಸ್ ಲೆಕ್ಕದಲ್ಲೇ ನೋಡಬೇಕು. ಅವತ್ತೇ ಸೋಪು ಹಚ್ಚಿ ಹರಿಯುವ ನೀರಲ್ಲಿ ಹದಿನೈದು ನಿಮಿಷ ತೊಳೆಸಿ, ಸರ್ಕಾರಿ ಆಸ್ಪತ್ರೆಯಲ್ಲಿ ಚುಚ್ಚುಮದ್ದು ಶುರು ಮಾಡಿಸಿದ್ದೆವು. ಅಲ್ಲಿ ಕೊಟ್ಟ ಚೀಟಿಯಲ್ಲಿ ಮೊದಲ ದಿನ, ಮೂರನೇ ದಿನ, ಏಳನೇ ದಿನ, ಇಪ್ಪತ್ತೆಂಟನೇ ದಿನ ಅಂತ ಇತ್ತು. ಮರಿ ಕಾಯಿಲೆ ಬಿದ್ದಾಗ ಆ ಹುಡುಗನ ತಾಯಿ ರಾತ್ರಿ ನಿದ್ದೆ ಮಾಡಲಿಲ್ಲ. ಏಳನೇ ದಿನದ್ದಕ್ಕೆ ನಾವೇ ಕರೆದುಕೊಂಡು ಹೋದೆವು. ಬೆಕ್ಕು ಕಚ್ಚಿದ್ದಕ್ಕೆಲ್ಲಾ ಸೂಜಿ ಯಾಕೆ ಅನ್ನುವವರು ಇನ್ನೂ ಇದ್ದಾರೆ, ಅವರಿಗಾಗಿ ಇಷ್ಟು ಬರೆದದ್ದು. ಒಂದು ಸ್ವಾರಸ್ಯ: ರೇಬೀಸ್ ಲಸಿಕೆಯನ್ನು 1885ರಲ್ಲಿ ಮೊದಲು ಕೊಟ್ಟ ಲೂಯಿ ಪಾಶ್ಚರ್, ಅದಕ್ಕೆ ಇಪ್ಪತ್ತು ವರ್ಷ ಮೊದಲು ಫ್ರಾನ್ಸಿನಲ್ಲಿ ಕೂತು ನೋಡುತ್ತಿದ್ದದ್ದು ರೇಷ್ಮೆ ಹುಳದ ಗಂಟು ರೋಗವನ್ನ. ತಾಯಿ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ರೋಗವಿಲ್ಲದ ಮೊಟ್ಟೆ ಆರಿಸುವ ಪದ್ಧತಿ ಅವನದೇ. ನಮ್ಮ ಮೊಟ್ಟೆ ಕೇಂದ್ರಗಳು ಇವತ್ತಿಗೂ ಅದನ್ನೇ ಮಾಡುತ್ತಿವೆ.

ನಾಲ್ಕನೇ ದಿನ ಬೆಳಿಗ್ಗೆ ಅವ್ವ ಕೋಳಿ ಬೇಯಿಸಿದ ನೀರಲ್ಲಿ ಬೆರಳು ಅದ್ದಿ ಮೂಗಿನ ಹತ್ತಿರ ಹಿಡಿದರು. ಮೂಗು ಅಲುಗಿತು. ನಾಲಿಗೆ ಬಂತು. ಒಂದೇ ಸಲ. ಅರ್ಧ ಗಂಟೆ ಬಿಟ್ಟು ಮತ್ತೆ ಹಿಡಿದರೆ ಬೆರಳನ್ನೇ ಕಚ್ಚಿತು. ಆರನೇ ದಿನಕ್ಕೆ ತಾನಾಗಿ ಪೆಟ್ಟಿಗೆಯಿಂದ ಇಳಿದು ಮರಳಿನ ತಟ್ಟೆಗೆ ಹೋಯಿತು. ತೂಕ 480 ಗ್ರಾಂ.

ಉಳಿಯಿತು ಅಂದ ಮೇಲೆ ದೊಡ್ಡ ಕೆಲಸ ಶುರು. ಈ ವೈರಸ್ ನೆಲದಲ್ಲಿ, ಬಟ್ಟೆಯಲ್ಲಿ, ಚಪ್ಪಲಿಯ ತಳದಲ್ಲಿ ಒಂದು ವರ್ಷದವರೆಗೂ ಬದುಕಬಲ್ಲದು. ಗುಣವಾದ ಮರಿಯೂ ಆರು ವಾರದ ತನಕ ಮಲದಲ್ಲಿ ಹೊರಹಾಕಬಹುದು. ಎಲ್ಲರ ಮನೆಯಲ್ಲಿ ಇರುವ ಫಿನಾಯಿಲು ಇದನ್ನು ಕೊಲ್ಲುವುದಿಲ್ಲ, ಮೇಲಾಗಿ ಫಿನಾಯಿಲು ಬೆಕ್ಕಿಗೇ ವಿಷ. ಕೈಗೆ ಹಾಕುವ ಸ್ಯಾನಿಟೈಸರ್ ಕೂಡ ಉಪಯೋಗವಿಲ್ಲ. ಬೇಕಾದದ್ದು ಕ್ಲೋರಿನ್. ಅಂಗಡಿಯ ಬ್ಲೀಚ್ ದ್ರವ ಆದರೆ ಒಂದು ಪಾಲಿಗೆ 32 ಪಾಲು ನೀರು, ಹತ್ತು ನಿಮಿಷ ನೆನೆಯಬೇಕು ಅಂತ ಡಾಕ್ಟರಮ್ಮ ಬರೆದುಕೊಟ್ಟಿದ್ದರು. ಚೀಟಿ ಓದಿ ಹೇಳಿದ್ದೇ ಅವ್ವ ನಕ್ಕುಬಿಟ್ಟರು. ಬೆಳೆ ಬೆಳೆಗೂ ಹುಳು ಮನೆ ತೊಳೆಯುವುದು ಏನರಲ್ಲಿ? ನೂರು ಲೀಟರ್ ನೀರಿಗೆ ಎರಡು ಕೆ.ಜಿ. ಬ್ಲೀಚಿಂಗ್ ಪೌಡರ್, 300 ಗ್ರಾಂ ಅರಳಿದ ಸುಣ್ಣ. ಇಲಾಖೆಯವರು ಹೇಳಿಕೊಟ್ಟು ಎಷ್ಟೋ ಕಾಲವಾಯಿತು. ಬೆಕ್ಕಿನ ಕೋಣೆಗೆ ಬೇಕಾದ್ದಕ್ಕಿಂತ ಅದು ಗಟ್ಟಿಯೇ. ಹಾಲುತೊಂಡೆ ರೋಗದ ಹುಳ ಒಡೆದು ಹಾಲು ಸೋರಿದ ತಟ್ಟೆಯನ್ನು ನಮ್ಮ ಹೆಂಗಸರು ಹೇಗೆ ತೊಳೆಯುತ್ತಾರೋ ಹಾಗೇ ಆ ಕೋಣೆ ತೊಳೆದೆವು. ಮೊದಲು ಸೋಪು ಹಾಕಿ ಕೊಳೆ ತೆಗೆಯಬೇಕು, ಕೊಳೆಯ ಮೇಲೆ ಕ್ಲೋರಿನ್ ಸುರಿದರೆ ದಂಡ. ಆಮೇಲೆ ದ್ರಾವಣ, ಆಮೇಲೆ ಬಿಸಿಲು, ಪೂರ್ತಿ ಒಣಗಿ ವಾಸನೆ ಹೋದ ಮೇಲೆ ಮರಿ ಒಳಗೆ. ಪೆಟ್ಟಿಗೆ, ಕಂಬಳಿ ಸುಟ್ಟೆವು. ಪೌಡರ್ ಹೊಸದಾಗಿರಲಿ, ಚೀಲ ಬಿಚ್ಚಿ ಇಟ್ಟು ಗಾಳಿ ಹೊಡೆದ ಪೌಡರಲ್ಲಿ ಸುಣ್ಣ ಬಿಟ್ಟು ಏನೂ ಉಳಿದಿರುವುದಿಲ್ಲ.

ಈಗ ಎದುರುಬದುರು ಮನೆಗಳ ವಿಷಯ. ಟೆಸ್ಟಿನ ಚೀಟಿ ಹಿಡಿದುಕೊಂಡು ಮರಿ ಸತ್ತ ಮನೆಗೆ ಹೋದೆವು. ಒಂದೇ ದಿನದಲ್ಲಿ ವಾಂತಿ ಭೇದಿಯಾಗಿ ಸಾಯುವುದು ನೋಡಿ ವಿಷ ಅನ್ನಿಸುವುದು ಸಹಜ, ಡಾಕ್ಟರುಗಳಿಗೂ ಮೊದಲು ಆ ಅನುಮಾನ ಬರುತ್ತದಂತೆ ಅಂತ ಹೇಳಿದೆವು. ಒಂದರ ಹಿಂದೆ ಒಂದು, ನಾಲ್ಕು ದಿನದಲ್ಲಿ ಬರೀ ಮರಿಗಳು, ದೊಡ್ಡ ಬೆಕ್ಕು ಉಳಿದುಕೊಂಡಿತು, ವಿಷ ಇಕ್ಕಿದ್ದರೆ ಕೋಳಿ ಹಿಡಿದ ದೊಡ್ಡದೇ ಮೊದಲು ಹೋಗಬೇಕಿತ್ತಲ್ಲ ಅಂತಲೂ ಹೇಳಿದೆವು. ಹೂತ ಮರಿಗಳಿಗೆ ಟೆಸ್ಟ್ ಮಾಡಿಲ್ಲ, ಖಂಡಿತ ಅಂತ ಹೇಳಲಾಗದು ಅನ್ನುವುದನ್ನೂ ಬಿಡಲಿಲ್ಲ. ಮನೆಯೊಡತಿ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಹಂಗಾರೆ ಇಕ್ಕಿಲ್ಲ ಅಂತೀರಾ?" ಅಂದರು. ಅವರ ಯಜಮಾನರು ಮಾತ್ರ, "ನೀವ್ ಅವ್ರ್ ಕಡೆಯೋರು" ಅಂತ ಎದ್ದು ಹೊರಗೆ ಹೋದರು.

ಎದುರು ಮನೆಯವರಿಗೂ ತೋರಿಸಿದೆವು. ಆ ಅಜ್ಜಿ ಚೀಟಿ ಮುಟ್ಟಲಿಲ್ಲ. "ನಾವ್ ಇಕ್ಕಿಲ್ಲ ಅಂತ ನಮ್ಗೆ ಮೊದ್ಲೇ ಗೊತ್ತಲ್ಲ, ಕಾಗ್ದ ಯಾಕೆ?" ಅಂದರು. ಅದಕ್ಕೆ ನಮ್ಮ ಹತ್ತಿರ ಉತ್ತರ ಇರಲಿಲ್ಲ.

ಆ ತಾಯಿ ಬೆಕ್ಕು ಯುಗಾದಿ ಹೊತ್ತಿಗೆ ಮತ್ತೆ ನಾಲ್ಕು ಮರಿ ಹಾಕಿತು. ನೆಲದಲ್ಲಿ ವೈರಸ್ ಇನ್ನೂ ಇರಬಹುದು. ಆರರಿಂದ ಎಂಟು ವಾರಕ್ಕೆ ಮೊದಲ ಲಸಿಕೆ, ಆಮೇಲೆ ಮೂರು ನಾಲ್ಕು ವಾರಕ್ಕೊಂದರಂತೆ ಹದಿನಾರು ವಾರ ತುಂಬುವ ತನಕ. ತಾಯಿ ಹಾಲಿನಿಂದ ಬಂದ ರಕ್ಷಣೆ ಮರಿಯ ಮೈಯಲ್ಲಿ ಇದ್ದಷ್ಟು ದಿನ ಲಸಿಕೆ ಹಿಡಿಯುವುದಿಲ್ಲ, ಅದು ಯಾವಾಗ ಇಳಿಯುತ್ತದೆ ಅಂತ ತಿಳಿಯದ್ದಕ್ಕೇ ಇಷ್ಟು ಸಲ. ಮೂರು ತಿಂಗಳು ದಾಟಿದ ಮೇಲೆ ರೇಬೀಸಿನದು. ಒಂದು ಮರಿಗೆ ಆಗುವ ಖರ್ಚು ಕೇಳಿ ಮನೆಯೊಡತಿ ಮೂಗಿನ ಮೇಲೆ ಬೆರಳಿಟ್ಟರು. ಬೆಕ್ಕಿಲ್ಲದ ಹುಳು ಮನೆಯಲ್ಲಿ ಇಲಿ ಒಂದು ರಾತ್ರಿಗೆ ಎಷ್ಟು ಹುಳ ತಿನ್ನುತ್ತೆ, ಲೆಕ್ಕ ಹಾಕಿ ಅಂದೆವು. ಎರಡು ಮರಿಯನ್ನು ಮಾಗಡಿಯಲ್ಲಿರುವ ತಂಗಿ ಮನೆಗೆ ಕೊಡುವುದು, ಎರಡಕ್ಕೆ ಲಸಿಕೆ ಅಂತ ತೀರ್ಮಾನ ಮಾಡಿದರು. ಕೊಡುವವಕ್ಕೂ ಹಾಕಿಸಿ ಕೊಡಿ ಅಂದರೆ, "ಅದ್ ಅವ್ರ್ ನೋಡ್ಕತಾರೆ" ಅಂತ ಮಾತು ತೇಲಿಸಿದರು.

ಹೋದ ವಾರ ಬೊಂಬೆಯನ್ನು ಎರಡನೇ ಸೂಜಿಗೆ ಕರೆದೊಯ್ಯುವಾಗ ಆ ಎರಡು ಮರಿಯೂ ನಮ್ಮ ಜೊತೆ ಬಂದವು, ಗೂಡು ತುಂಬುವ ಬಲೆ ಚೀಲದಲ್ಲಿ. ಮೂರೂ ಬೇರೆ ಬೇರೆ ಚೀಲ. ಬೈಕ್ ತಿರುಗಿಸುತ್ತಿದ್ದಾಗ ಎದುರು ಮನೆ ಅಜ್ಜಿ ಜಗುಲಿ ಮೇಲಿಂದ ಕೇಳಿದರು: "ಕೋಳಿಗೂ ಆಕ್ತಾರಂತಾ ಅಲ್ಲಿ?"

ಕೋಳಿಯ ಕೊಕ್ಕರೆ ರೋಗಕ್ಕೆ ಬೇರೆ ಲಸಿಕೆ ಇದೆ, ಕೇಳಿಕೊಂಡು ಬರುತ್ತೇವೆ ಅಂದೆವು.